ಕೊಟ್ಟ ಮಾತು, ಇಟ್ಟ ಮೂಲ: ಸರ್ಕಾರಿ ವೇತನ, ಪಿಂಚಣಿ ಮತ್ತು ರಾಜ್ಯದ ಬೊಕ್ಕಸ



ಇಂದು ನಿಮ್ಮ ಮುಂದಿಡುತ್ತಿರುವ ವಿಷಯ ಮೇಲ್ನೋಟಕ್ಕೆ ಬರೀ ಲೆಕ್ಕಪತ್ರದ್ದು. ಸರ್ಕಾರಿ ನೌಕರರ ವೇತನಕ್ಕೂ ಪಿಂಚಣಿಗೂ ರಾಜ್ಯದ ಬೊಕ್ಕಸದಿಂದ ಎಷ್ಟು ಹೋಗುತ್ತದೆ, ಆ ಭಾರವನ್ನು ಬೊಕ್ಕಸ ಎಷ್ಟು ಕಾಲ ಹೊತ್ತೀತು ಎಂಬುದು ಪ್ರಶ್ನೆ. ಆದರೆ ಈ ಲೆಕ್ಕದ ಹಿಂದೆ ಒಂದು ಮಾತಿದೆ. ಮೂವತ್ತು-ಮೂವತ್ತೈದು ವರ್ಷ ನಿಷ್ಠೆಯಿಂದ ದುಡಿದರೆ ಮುಪ್ಪಿನಲ್ಲಿ ಕೈಬಿಡುವುದಿಲ್ಲ ಎಂದು ರಾಜ್ಯವು ತನ್ನ ನೌಕರರಿಗೆ ಕೊಟ್ಟ ಮಾತು ಅದು. ಮಾತು ದೊಡ್ಡದು. ಅದನ್ನು ಉಳಿಸಿಕೊಳ್ಳಬೇಕಾದವರು ಮಾತ್ರ ಮಾತು ಕೊಟ್ಟವರಲ್ಲ, ಅವರ ನಂತರ ಬರುವ ಎರಡು ತಲೆಮಾರಿನ ತೆರಿಗೆದಾರರು.

ಈ ವಿಷಯ ಚರ್ಚೆಗೆ ಬಂದಾಗಲೆಲ್ಲ ನಮ್ಮಲ್ಲಿ ಎರಡು ಬಣಗಳಾಗುತ್ತವೆ. ಸಂಗ್ರಹವಾದ ತೆರಿಗೆಯನ್ನೆಲ್ಲ ನೌಕರರೇ ತಿನ್ನುತ್ತಿದ್ದಾರೆ ಎಂದು ಒಂದು ಬಣ ದೂರುತ್ತದೆ. ಹಣ ಎಲ್ಲಿಂದಲಾದರೂ ತನ್ನಿ, ನಮ್ಮ ಹಕ್ಕು ನಮಗೆ ಕೊಡಿ ಎಂದು ಇನ್ನೊಂದು ಬಣ ಪಟ್ಟು ಹಿಡಿಯುತ್ತದೆ. ಎರಡೂ ಮಾತುಗಳಲ್ಲಿ ಸತ್ಯದ ಒಂದೊಂದು ತುಣುಕಿದೆ, ಪರಿಹಾರ ಎರಡರಲ್ಲೂ ಇಲ್ಲ. ನನ್ನ ನಿಲುವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಯೋಗ್ಯ ವೇತನವನ್ನೂ ನೆಮ್ಮದಿಯ ಮುಪ್ಪನ್ನೂ ಕೊಡುತ್ತೇನೆಂದ ರಾಜ್ಯ ತಪ್ಪು ಮಾಡಿಲ್ಲ. ಆ ಮಾತಿಗೆ ಬೇಕಾದ ಹಣದ ಮೂಲವನ್ನು ಮಾತು ಕೊಡುವ ದಿನವೇ ಗುರುತಿಸಿ ತೆಗೆದಿಡದೆ ತಪ್ಪು ಮಾಡಿದೆ. ಈ ಉಪನ್ಯಾಸದ ಉದ್ದಕ್ಕೂ ನಾನು ಸಮರ್ಥಿಸಲು ಹೊರಟಿರುವುದು ಇಷ್ಟನ್ನೇ.

1. ಶಾಸನದ ಕಲ್ಲು ಹೇಳುವುದು

ಸೇವೆ ಮಾಡಿದವರನ್ನು, ಸೇವೆಯಲ್ಲಿ ಮಡಿದವರ ಮನೆಯವರನ್ನು ಸಲಹುವುದು ಪ್ರಭುತ್ವದ ಹೊಣೆ ಎಂಬ ತಿಳಿವಳಿಕೆ ನಮಗೆ ಇಂಗ್ಲಿಷರಿಂದ ಬಂದದ್ದಲ್ಲ. ಕನ್ನಡ ನಾಡಿನ ವೀರಗಲ್ಲುಗಳನ್ನು ಓದಿದವರಿಗೆ 'ನೆತ್ತರುಗೊಡಗೆ' ಎಂಬ ಪದ ಗೊತ್ತು. ಊರಿನ ತುರು ಕಾಯುತ್ತಲೋ ಗಡಿ ಕಾದಾಟದಲ್ಲೋ ಪ್ರಾಣ ಬಿಟ್ಟವನ ಮಕ್ಕಳಿಗೆ, ಮನೆತನಕ್ಕೆ ಬಿಟ್ಟುಕೊಟ್ಟ ಭೂಮಿ ಅದು. ಇಂದಿನ ಆಡಳಿತದ ಮಾತಿನಲ್ಲಿ ಹೇಳುವುದಾದರೆ ಕುಟುಂಬ ಪಿಂಚಣಿ. ಇಂಥ ದತ್ತಿಗಳನ್ನು ಬರೆಸಿದ ಅನೇಕ ಶಾಸನಗಳಲ್ಲಿ ಒಂದು ಗುಣ ಎದ್ದು ಕಾಣುತ್ತದೆ. ಕೊಟ್ಟ ಭೂಮಿ ಎಷ್ಟು ಮತ್ತರು, ಯಾವ ಕೆರೆಯ ಕೆಳಗಿನದು, ಅದರ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ಅವು ಹೇಳುತ್ತವೆ. ಕೊಡುಗೆಯೊಂದಿಗೆ ಕೊಡುಗೆಯ ಮೂಲವೂ ಕಲ್ಲಿನ ಮೇಲೆ ನಿಂತಿರುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಭೃತ್ಯರ ಪೋಷಣೆಗೆಂದೇ ಒಂದು ಅಧ್ಯಾಯವಿದೆ. ಮಂತ್ರಿ, ಪುರೋಹಿತ, ಸೇನಾಪತಿಗಳಿಗೆ 48,000 ಪಣಗಳಿಂದ ತೊಡಗಿ ಕೆಳಗಿನ ಸೇವಕರಿಗೆ 60 ಪಣಗಳವರೆಗೆ ವೇತನದ ಶ್ರೇಣಿಯನ್ನು ಅದು ಕೊಡುತ್ತದೆ. ಕೆಲಸದಲ್ಲಿ ಸತ್ತವರ ಹೆಂಡತಿ ಮಕ್ಕಳಿಗೆ ಅನ್ನವೂ ವೇತನವೂ ಸಲ್ಲಬೇಕೆನ್ನುತ್ತದೆ. ಜೊತೆಗೆ ಎರಡು ಷರತ್ತುಗಳನ್ನು ಇಡುತ್ತದೆ. ಭೃತ್ಯರ ಒಟ್ಟು ವೆಚ್ಚ ರಾಜ್ಯದ ಆದಾಯದ ಕಾಲು ಭಾಗದ ಮಿತಿಯಲ್ಲಿರಬೇಕು. ಕೋಶ ಚಿಕ್ಕದಾಗಿದ್ದರೆ ನಾಣ್ಯ ಕಡಿಮೆ ಕೊಟ್ಟು ಭೂಮಿ, ಪಶು, ಅರಣ್ಯದ ಉತ್ಪನ್ನಗಳಿಂದ ಸರಿದೂಗಿಸಬೇಕು. ಔದಾರ್ಯ ಮತ್ತು ಅಳತೆ ಎರಡೂ ಒಂದೇ ಅಧ್ಯಾಯದಲ್ಲಿ ಬಂದಿರುವುದನ್ನು ಗಮನಿಸಬೇಕೆಂದು ಕೋರುತ್ತೇನೆ.

ನಮ್ಮ ಹಳ್ಳಿಗಳ ಆಡಳಿತವೂ ಬಹುಕಾಲ ಇದೇ ದಾರಿಯಲ್ಲಿ ನಡೆಯಿತು. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿಗಳು ಇನಾಮು ಭೂಮಿಯಿಂದಲೋ ಕಣದಲ್ಲಿ ಸಿಗುವ ಆಯದಿಂದಲೋ ಬದುಕುತ್ತಿದ್ದರು. ಆ ವ್ಯವಸ್ಥೆಯೊಳಗೆ ಜಾತಿಯ ಕ್ರೌರ್ಯವಿತ್ತು, ಹುಟ್ಟಿನ ಬಂಧನವಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯ್ದೆ ರದ್ದುಪಡಿಸಿ ಸಂಬಳದ ಗ್ರಾಮಲೆಕ್ಕಿಗರನ್ನು ತಂದದ್ದು ಸರಿಯಾದ ಹೆಜ್ಜೆ. ಆದರೆ ಸೇವೆಯ ಪ್ರತಿಫಲ ನೆಲದಿಂದ ನಗದಿಗೆ ಬದಲಾದಾಗ ಒಂದು ಸಂಗತಿ ಮರೆಯಾಯಿತು. ನೆಲಕ್ಕೆ ಎಲ್ಲೆಯುಂಟು, ಕೊಟ್ಟಷ್ಟೂ ಮುಗಿಯುತ್ತಾ ಬರುತ್ತದೆ. ನಗದಿನ ಆಶ್ವಾಸನೆಗೆ ಅಂಥ ಎಲ್ಲೆ ಕಣ್ಣಿಗೆ ಕಾಣುವುದಿಲ್ಲ.

ಎಲ್ಲೆಯನ್ನು ಕಂಡು ನಡೆದ ಉದಾಹರಣೆಯೂ ನಮ್ಮಲ್ಲೇ ಇದೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ, 1891ರಲ್ಲಿ, ಮೈಸೂರು ಸರ್ಕಾರ ತನ್ನ ನೌಕರರಿಗೆ ಕಡ್ಡಾಯ ಜೀವವಿಮೆಯನ್ನು ಆರಂಭಿಸಿತು. ಸಂಬಳದಿಂದ ಪ್ರತಿ ತಿಂಗಳು ಕಂತು ಕಡಿತ, ಆ ಕಂತಿನಿಂದ ನಿಧಿ, ಆ ನಿಧಿಯಿಂದ ಪಾವತಿ. ಇಂದಿಗೂ ನೌಕರರ ಬಾಯಲ್ಲಿ 'ಕೆಜಿಐಡಿ' ಎಂದು ಬಳಕೆಯಲ್ಲಿರುವ ಸಂಸ್ಥೆ ಅದೇ. ಪಿಂಚಣಿಗೂ ಅಂದೇ ಇಂಥದೊಂದು ನಿಧಿ ಹುಟ್ಟಿದ್ದರೆ ನಾನು ಇಂದು ಈ ವಿಷಯ ಆರಿಸಿಕೊಳ್ಳಬೇಕಾಗಿರಲಿಲ್ಲ.

2. ದಯೆಯಿಂದ ಹಕ್ಕಿಗೆ

ವಸಾಹತು ಸರ್ಕಾರ ಪಿಂಚಣಿಯನ್ನು ತನ್ನ ದಯೆಯೆಂದು ಭಾವಿಸಿತ್ತು. 1871ರ ಪಿಂಚಣಿ ಕಾಯ್ದೆಯ ಪ್ರಕಾರ ಪಿಂಚಣಿಗೆ ಸಂಬಂಧಿಸಿದ ದಾವೆಯನ್ನು ಸಿವಿಲ್ ನ್ಯಾಯಾಲಯ ನೇರವಾಗಿ ಕೈಗೆತ್ತಿಕೊಳ್ಳುವಂತಿರಲಿಲ್ಲ. ಸ್ವತಂತ್ರ ಭಾರತದ ನ್ಯಾಯಾಂಗ ಈ ಭಾವನೆಯನ್ನು ಬುಡದಿಂದ ಬದಲಿಸಿತು. ಪಿಂಚಣಿ ಸರ್ಕಾರದ ಇಚ್ಛೆಯನ್ನು ಅವಲಂಬಿಸಿದ ಬಹುಮಾನವಲ್ಲ, ನೌಕರನ ಹಕ್ಕು ಎಂದು ಸುಪ್ರೀಂ ಕೋರ್ಟು 1971ರ ದೇವಕಿನಂದನ್ ಪ್ರಸಾದ್ ಪ್ರಕರಣದಲ್ಲಿ ಹೇಳಿತು. 1982ರ ಡಿಸೆಂಬರ್ 17ರಂದು ನಾಕರಾ ಪ್ರಕರಣದ ತೀರ್ಪಿನಲ್ಲಿ ಸಂವಿಧಾನ ಪೀಠ ಇನ್ನೂ ಮುಂದೆ ಹೋಗಿ, ನಿವೃತ್ತಿಯ ದಿನಾಂಕದ ಆಧಾರದ ಮೇಲೆ ಪಿಂಚಣಿದಾರರಲ್ಲಿ ಭೇದ ಮಾಡುವುದನ್ನು ತಳ್ಳಿಹಾಕಿತು. ಪಿಂಚಣಿದಾರರು ಪ್ರತಿ ವರ್ಷ ಆ ದಿನವನ್ನು ತಮ್ಮ ದಿನವಾಗಿ ಆಚರಿಸುತ್ತಾರೆ. ಹಿಂದೆ ಮಾಡಿದ ದುಡಿಮೆಗೆ ತಡವಾಗಿ ಸಲ್ಲುವ ಕೂಲಿಯೇ ಪಿಂಚಣಿ ಎಂಬ ಈ ತತ್ತ್ವವನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಒಪ್ಪಿದ ಮೇಲೆ ಅದರ ಇನ್ನೊಂದು ಮುಖವನ್ನೂ ಒಪ್ಪಬೇಕು. ತಡವಾಗಿ ಸಲ್ಲುವ ಕೂಲಿ ಎಂದರೆ ಸಾಲ. ದುಡಿಮೆ ನಡೆದ ವರ್ಷವೇ ಹುಟ್ಟಿದ ಸಾಲ.

ಸರ್ಕಾರಿ ನೌಕರಿಗೆ ಯೋಗ್ಯ ವೇತನ ಏಕೆ ಬೇಕು ಎಂಬುದನ್ನೂ ಹೇಳಬೇಕಾಗುತ್ತದೆ, ಏಕೆಂದರೆ ಭಾರದ ಮಾತಾಡುವಾಗ ಇದೇ ಮೊದಲು ಮರೆತುಹೋಗುತ್ತದೆ. ಹೊಟ್ಟೆಗೆ ಸಾಲದ ಸಂಬಳ ಲಂಚಕ್ಕೆ ದಾರಿ ಮಾಡುತ್ತದೆ. ಇದಕ್ಕಿಂತ ಆಳವಾದ ಕಾರಣ ನಮ್ಮ ನಾಡಿನ ಚರಿತ್ರೆಯಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯಿಂದ 1970ರ ದಶಕದ ಹಾವನೂರು ಆಯೋಗದವರೆಗೆ ಕನ್ನಡ ನಾಡಿನ ಸಾಮಾಜಿಕ ನ್ಯಾಯದ ಚರ್ಚೆ ಸುತ್ತಿದ್ದು ಸರ್ಕಾರಿ ಹುದ್ದೆಯ ಸುತ್ತಲೇ. ಅಕ್ಷರ ಕಂಡಿರದ ಮನೆಯಿಂದ ಮೊದಲ ಬಾರಿಗೆ ಹೊರಬಂದು ಪ್ರಾಥಮಿಕ ಶಾಲೆಯ ಮೇಷ್ಟ್ರಾದವರು, ದಾದಿಯಾದವರು, ಪೊಲೀಸ್ ಪೇದೆಯಾದವರು ತಮ್ಮ ಮುಂದಿನ ತಲೆಮಾರನ್ನು ಮೇಲೆತ್ತಿದ್ದು ಆ ಸಂಬಳದ ಬಲದಿಂದ. ಆ ಏಣಿಯನ್ನು ಕಿತ್ತುಹಾಕಿ ಬೊಕ್ಕಸ ಉಳಿಸುವ ಮಾತನ್ನು ನಾನು ಆಡಲಾರೆ.

3. ಅಂಕಿಗಳು ಹೇಳುವ ಮಾತು

ಈಗ ಕರ್ನಾಟಕದ ಲೆಕ್ಕಕ್ಕೆ ಬರೋಣ. ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗ 2024ರ ಮಾರ್ಚ್‌ನಲ್ಲಿ ವರದಿ ಸಲ್ಲಿಸಿತು. ಅದೇ ವರ್ಷ ಆಗಸ್ಟ್ 1ರಿಂದ ಶಿಫಾರಸುಗಳು ಜಾರಿಗೆ ಬಂದವು. ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000ಕ್ಕೆ, ಗರಿಷ್ಠ ಮೂಲವೇತನ 1,50,600ರಿಂದ 2,41,200ಕ್ಕೆ, ಕನಿಷ್ಠ ಪಿಂಚಣಿ 8,500ರಿಂದ 13,500ಕ್ಕೆ ಏರಿದವು. ಮೂಲವೇತನ ಶೇ 58.5ರಷ್ಟು ಏರಿತೆಂದು ಕೇಳಿ ಹುಬ್ಬೇರಿಸುವ ಮೊದಲು ಅದನ್ನು ಬಿಡಿಸಿ ನೋಡಬೇಕು. ಅದರಲ್ಲಿ ಶೇ 31 ಆಗಲೇ ಕೈಸೇರುತ್ತಿದ್ದ ತುಟ್ಟಿಭತ್ಯೆಯ ವಿಲೀನ. ಉಳಿದ ಶೇ 27.5 ನಿಜವಾದ ಏರಿಕೆ, ಅಂದರೆ ಫಿಟ್‌ಮೆಂಟ್. ಅದರಲ್ಲೂ ಶೇ 17 ಮಧ್ಯಂತರ ಪರಿಹಾರವಾಗಿ 2023ರ ಏಪ್ರಿಲ್‌ನಿಂದಲೇ ಸಿಗುತ್ತಿತ್ತು. ಆ ವರ್ಷ ಮಾರ್ಚ್ 1ರಂದು ನೌಕರರು ಮುಷ್ಕರ ಹೂಡಿದ್ದರ ಫಲ ಅದು. ನೌಕರರಿಗೆ ಒಮ್ಮೆಗೇ ಹೊಳೆ ಹರಿಯಿತೆಂಬ ಚಿತ್ರ ಸರಿಯಲ್ಲ.

ಬೊಕ್ಕಸದ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಈ ಪರಿಷ್ಕರಣೆಯಿಂದ ವರ್ಷಕ್ಕೆ 20,208 ಕೋಟಿ ರೂಪಾಯಿಗಳ ಹೆಚ್ಚುವರಿ ಹೊರೆ ಬೀಳುತ್ತದೆಂದು ಸರ್ಕಾರವೇ ಹೇಳಿತು. ಇದಕ್ಕೆ ಹಿಂದಿನ, 2018ರಲ್ಲಿ ಜಾರಿಯಾದ 6ನೇ ವೇತನ ಆಯೋಗದ ಹೊರೆ ಸುಮಾರು 10,500 ಕೋಟಿ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ, ಅದರಲ್ಲಿ ಅಂದಾಜು ಮಾಡಿದ ರಾಜಸ್ವ ಕೊರತೆ 19,262 ಕೋಟಿ. ಒಂದು ವೇತನ ಪರಿಷ್ಕರಣೆಯ ವಾರ್ಷಿಕ ಹೊರೆ ಮತ್ತು ರಾಜ್ಯದ ರಾಜಸ್ವ ಕೊರತೆ, ಎರಡೂ ಅಕ್ಕಪಕ್ಕದ ಅಂಕಿಗಳು. ಒಂದು ಇನ್ನೊಂದಕ್ಕೆ ಕಾರಣ ಎಂದು ನಾನು ಹೇಳುತ್ತಿಲ್ಲ. ಅದೇ ಬಜೆಟ್ಟಿನಲ್ಲಿ ಗ್ಯಾರಂಟಿ ಯೋಜನೆಗಳಿಗೆ ಸುಮಾರು 51,000 ಕೋಟಿಯಿದೆ, ಬಡ್ಡಿಯಿದೆ, ವಿದ್ಯುತ್ ಸಹಾಯಧನವಿದೆ. ಆದರೂ ಎರಡು ಅಂಕಿಗಳನ್ನು ಜೊತೆಗಿಟ್ಟು ನೋಡಿದರೆ ವೇತನ ಪರಿಷ್ಕರಣೆ ಎಷ್ಟು ಭಾರದ ನಿರ್ಧಾರ ಎಂಬುದು ಅರಿವಾಗುತ್ತದೆ.

ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲೇ ಮೊದಲು, 2002ರಲ್ಲಿ, ತಂದ ರಾಜ್ಯ ನಮ್ಮದು. ಅದಕ್ಕೆ ಹಿನ್ನೆಲೆಯಾಗಿದ್ದ ಬಿಕ್ಕಟ್ಟಿನಲ್ಲಿ ವೇತನದ ಪಾತ್ರವೂ ಇತ್ತು. ಕೇಂದ್ರದ 5ನೇ ವೇತನ ಆಯೋಗದ ಶಿಫಾರಸುಗಳು 1997ರಲ್ಲಿ ಜಾರಿಗೆ ಬಂದ ಮೇಲೆ ರಾಜ್ಯಗಳು ಒಂದರ ಹಿಂದೊಂದು ಅದೇ ಜಾಡು ಹಿಡಿದು, ಶತಮಾನದ ಕೊನೆಯ ವೇಳೆಗೆ ಕೊರತೆಯಲ್ಲಿ ಮುಳುಗಿದವು. ಕರ್ನಾಟಕ ಅದರಿಂದ ಮೇಲೆದ್ದು 2004-05ರಿಂದ ಕೋವಿಡ್ ಬರುವವರೆಗೆ ರಾಜಸ್ವ ಹೆಚ್ಚುವರಿಯನ್ನು ಕಾಯ್ದುಕೊಂಡಿತು. ಆ ಶಿಸ್ತನ್ನು ಗಳಿಸಿದ್ದ ನಾಡು ಮತ್ತೆ ಕೊರತೆಯ ಬಜೆಟ್ ಓದುತ್ತಿದೆ ಎಂಬುದೇ ನನ್ನ ಕಳವಳ. ಇಡೀ ದೇಶದ ಚಿತ್ರವೂ ಹೀಗೆಯೇ ಇದೆ. ಎಲ್ಲ ರಾಜ್ಯಗಳು ವೇತನ, ಪಿಂಚಣಿ, ಬಡ್ಡಿ ಎಂಬ ಮೂರು ಬಾಬತ್ತುಗಳಿಗೆ ಮಾಡಿದ ವೆಚ್ಚ 2013-14ರಲ್ಲಿ 6.26 ಲಕ್ಷ ಕೋಟಿಯಿತ್ತು, 2022-23ರಲ್ಲಿ 15.63 ಲಕ್ಷ ಕೋಟಿಯಾಯಿತು ಎಂದು ಮಹಾಲೇಖಪಾಲರ ವರದಿ ಹೇಳುತ್ತದೆ. ಲೆಕ್ಕದ ಭಾಷೆಯಲ್ಲಿ ಇದಕ್ಕೆ ಬದ್ಧ ವೆಚ್ಚ ಎಂದು ಹೆಸರು. ಮಳೆ ಬರಲಿ, ಬರ ಬರಲಿ, ತಿಂಗಳ ಕೊನೆಗೆ ಕೊಡಲೇಬೇಕಾದ ಹಣ. ಕೊಡಲೇಬೇಕಾದದ್ದನ್ನು ಕೊಟ್ಟು ಮಿಕ್ಕದ್ದರಲ್ಲೇ ಕೆರೆಯ ಹೂಳು ತೆಗೆಯಬೇಕು, ಶಾಲೆಗೆ ಕೊಠಡಿ ಕಟ್ಟಬೇಕು, ಆಸ್ಪತ್ರೆಗೆ ಔಷಧಿ ಕೊಳ್ಳಬೇಕು.

4. ಕಾಣದ ಸಾಲ

ವೇತನವನ್ನು ಮುಂದಿನ ವರ್ಷ ಪರಿಷ್ಕರಿಸದೆ ತಡೆಯಬಹುದು, ಹುದ್ದೆ ತುಂಬದೆ ಬಿಡಬಹುದು. ಪಿಂಚಣಿಗೆ ಅಂಥ ಹಿಡಿತವಿಲ್ಲ. ಇಪ್ಪತ್ತೈದನೆಯ ವಯಸ್ಸಿಗೆ ಗುಮಾಸ್ತೆಯಾಗಿ ಸೇರಿದ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಅರವತ್ತಕ್ಕೆ ನಿವೃತ್ತಿ. 2006ರ ಏಪ್ರಿಲ್ 1ಕ್ಕೆ ಮುನ್ನ ಸೇರಿದವರ ಹಳೆಯ ಪದ್ಧತಿಯಲ್ಲಿ ಪೂರ್ಣ ಸೇವೆ ಮುಗಿಸಿದವರಿಗೆ ಕೊನೆಯ ಮೂಲವೇತನದ ಅರ್ಧದಷ್ಟು ಪಿಂಚಣಿ. ಅರವತ್ತು ದಾಟಿದವರು ನಮ್ಮ ದೇಶದಲ್ಲಿ ಸರಾಸರಿ ಇನ್ನೂ ಹದಿನೆಂಟರಷ್ಟು ವರ್ಷ ಬದುಕುತ್ತಾರೆ. ಆಮೇಲೆ ಪತಿಗೆ ಕುಟುಂಬ ಪಿಂಚಣಿ. ಒಂದು ನೇಮಕಾತಿ ಆದೇಶಕ್ಕೆ ಸಹಿ ಹಾಕಿದ ದಿನ ರಾಜ್ಯವು ಹೀಗೆ ಐವತ್ತೈದು ಅರವತ್ತು ವರ್ಷಗಳ ಹೊಣೆಯನ್ನು ಹೊತ್ತಿರುತ್ತದೆ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಮೂವತ್ತೆರಡರ ಆಸುಪಾಸಿನಲ್ಲಿತ್ತು, ಇಂದು ಎಪ್ಪತ್ತು. ಜನ ಹೆಚ್ಚು ಕಾಲ ಬದುಕುವುದು ನಾಡಿನ ಗೆಲುವು. ಆದರೆ ಪಿಂಚಣಿಯ ನಿಯಮಗಳ ಬುಡವಿರುವುದು ಆಯುಷ್ಯ ಅಷ್ಟಿಲ್ಲದ ಕಾಲದಲ್ಲಿ.

ಇದರ ಮೇಲೆ ವರ್ಷಕ್ಕೆರಡು ಬಾರಿ ತುಟ್ಟಿಭತ್ಯೆ ಏರುತ್ತದೆ. ಪ್ರತಿ ವೇತನ ಆಯೋಗದೊಂದಿಗೆ ಹಿಂದೆ ನಿವೃತ್ತರಾದವರ ಮೂಲ ಪಿಂಚಣಿಯೂ ಏರುತ್ತದೆ. ಆದ್ದರಿಂದ ಪಿಂಚಣಿಯ ಹೊರೆ ನಿವೃತ್ತರ ಸಂಖ್ಯೆಯೊಂದರಿಂದಲೇ ಬೆಳೆಯುವುದಿಲ್ಲ, ಆಯುಷ್ಯ, ಬೆಲೆ, ಪರಿಷ್ಕರಣೆ ಈ ಮೂರೂ ಸೇರಿ ಅದನ್ನು ಎಳೆಯುತ್ತವೆ.

ಇಷ್ಟಾದರೂ ರಾಜ್ಯದ ಸಾಲ ಎಷ್ಟೆಂದು ಕೇಳಿದಾಗ ಸಿಗುವ ಅಂಕಿಯಲ್ಲಿ ಈ ಹೊಣೆ ಸೇರುವುದಿಲ್ಲ. ಬ್ಯಾಂಕಿನಿಂದ, ಮಾರುಕಟ್ಟೆಯಿಂದ, ಕೇಂದ್ರದಿಂದ ತಂದ ಹಣ ಮಾತ್ರ ಸಾಲದ ಪಟ್ಟಿಯಲ್ಲಿರುತ್ತದೆ. ನೌಕರರಿಗೆ ಕೊಡಬೇಕಾದ ನಾಳಿನ ಪಿಂಚಣಿ, ಪ್ರತಿ ವರ್ಷ 2071 ಎಂಬ ಲೆಕ್ಕ ಶೀರ್ಷಿಕೆಯಡಿ ಆ ವರ್ಷದ ಖರ್ಚಾಗಿ ಮಾತ್ರ ಬಂದು ಹೋಗುತ್ತದೆ. ಮನೆಯ ಯಜಮಾನ ಸೊಸೈಟಿಯ ಸಾಲ ಬರೆದಿಟ್ಟು, ಕೆಲಸದಾಳಿಗೆ ಉಳಿಸಿಕೊಂಡ ಕೂಲಿಯನ್ನು ಬರೆಯದೆ, 'ನನಗೆ ಸಾಲ ಕಡಿಮೆ' ಎಂದಂತೆ ಇದು. ಶಾಸನದ ಕಲ್ಲಿನ ಮೇಲೆ ಮೂಲ ಇತ್ತು ಎಂದೆನಲ್ಲ, ನಮ್ಮ ಆದೇಶಗಳಲ್ಲಿ ಖರ್ಚು ಬರೆಯುವ ಶೀರ್ಷಿಕೆ ಇದೆ, ಹಣ ಹುಟ್ಟುವ ಮೂಲ ಇಲ್ಲ.

ಬರೆದಿಡದ ಹೊಣೆ ಏನಾಗುತ್ತದೆ ಎಂಬುದಕ್ಕೆ ನಮ್ಮ ವಿದ್ವತ್ ವಲಯವೇ ಸಾಕ್ಷಿ. ರಾಜ್ಯದ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಕೆಲವು ತಮ್ಮ ನಿವೃತ್ತ ಅಧ್ಯಾಪಕರಿಗೆ ಪಿಂಚಣಿ ಕೊಡಲು ಹಣ ಹೊಂದಿಸಲಾಗದೆ ಪರದಾಡುತ್ತಿವೆ. ದಶಕಗಳ ಹಿಂದೆ ನೇಮಕಗೊಂಡವರೆಲ್ಲ ಒಟ್ಟೊಟ್ಟಿಗೆ ನಿವೃತ್ತರಾದರು. ಹೊಸ ವಿಶ್ವವಿದ್ಯಾಲಯಗಳು ಹುಟ್ಟಿ ಸಂಯೋಜಿತ ಕಾಲೇಜುಗಳೂ ಅವುಗಳ ಶುಲ್ಕವೂ ಅತ್ತ ಹೋದವು. ಪಿಂಚಣಿಯ ಹೊಣೆ ಮಾತ್ರ ಇಲ್ಲೇ ಉಳಿಯಿತು.

5. 2006ರ ಏಪ್ರಿಲ್ ಮತ್ತು ಅನಂತರ

ಈ ಹೊಣೆಯನ್ನು ಕಂಡೇ ಶತಮಾನದ ತಿರುವಿನಲ್ಲಿ ಸುಧಾರಣೆಯ ಮಾತು ಆರಂಭವಾಯಿತು. ಅದರಲ್ಲಿ ಕರ್ನಾಟಕದವರಿಗೆ ನೆನಪಿರಬೇಕಾದ ಒಂದು ಅಧ್ಯಾಯವಿದೆ. ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿದ್ದ ಬಿ.ಕೆ. ಭಟ್ಟಾಚಾರ್ಯ ಅವರ ಅಧ್ಯಕ್ಷತೆಯ ಉನ್ನತ ಮಟ್ಟದ ತಜ್ಞರ ತಂಡ 2002ರಲ್ಲಿ ಕೇಂದ್ರಕ್ಕೆ ವರದಿ ಕೊಟ್ಟಿತು. ಅವರು ಸೂಚಿಸಿದ್ದು ಮಿಶ್ರ ಪದ್ಧತಿ. ನೌಕರರು ಮತ್ತು ಸರ್ಕಾರ ಇಬ್ಬರೂ ವಂತಿಗೆ ಹಾಕುವ ಸಾಮೂಹಿಕ ನಿಧಿಯಿಂದ ನಿಶ್ಚಿತ ಪಿಂಚಣಿ, ಅದರ ಮೇಲೆ ವೈಯಕ್ತಿಕ ಖಾತೆಯ ಉಳಿತಾಯ. ಆ ಸಲಹೆಯನ್ನು ಕೇಂದ್ರ ಒಪ್ಪಲಿಲ್ಲ. 2004ರ ಜನವರಿ 1ರಿಂದ ಕೇಂದ್ರ ಸೇವೆಗೆ ಸೇರಿದವರಿಗೆ ಬಂದ ಹೊಸ ಪಿಂಚಣಿ ವ್ಯವಸ್ಥೆಯಲ್ಲಿ (ಎನ್‌ಪಿಎಸ್) ವಂತಿಗೆ ನಿಶ್ಚಿತ, ಪಿಂಚಣಿ ಅನಿಶ್ಚಿತ. ಕರ್ನಾಟಕ 2006ರ ಏಪ್ರಿಲ್ 1ರಿಂದ ಇದನ್ನು ಅಳವಡಿಸಿಕೊಂಡಿತು. ಒಂದೇ ಕಚೇರಿಯಲ್ಲಿ, ಒಂದೇ ಮೇಜಿನ ಎರಡು ಬದಿಯಲ್ಲಿ ಕೂತ ಇಬ್ಬರಲ್ಲಿ ಮಾರ್ಚ್‌ನಲ್ಲಿ ಸೇರಿದವರಿಗೆ ಒಂದು ಮುಪ್ಪು, ಏಪ್ರಿಲ್‌ನಲ್ಲಿ ಸೇರಿದವರಿಗೆ ಇನ್ನೊಂದು ಮುಪ್ಪು.

ಹಣವನ್ನು ಮೊದಲೇ ತೆಗೆದಿಡುವ ಶಿಸ್ತು ಎನ್‌ಪಿಎಸ್‌ನ ದೊಡ್ಡ ಗುಣ. ಮಾರುಕಟ್ಟೆಯ ಏರಿಳಿತವನ್ನೆಲ್ಲ ನೌಕರರೊಬ್ಬರೇ ಹೊರಬೇಕಾದದ್ದು ಅದರ ದೊಡ್ಡ ದೋಷ. ನಿವೃತ್ತಿಯ ದಿನ ಕೈಗೆ ಎಷ್ಟು ಬರುತ್ತದೆಂದು ತಿಳಿಯದ ಆತಂಕ ಹುಸಿಯಲ್ಲ. ಆದ್ದರಿಂದಲೇ ಹಳೆಯ ಪಿಂಚಣಿಗಾಗಿ ಹೋರಾಟ ದೇಶದೆಲ್ಲೆಡೆ ಬಲಗೊಂಡಿತು. 2022ರಿಂದ ಈಚೆಗೆ ರಾಜಸ್ಥಾನ, ಛತ್ತೀಸಗಢ, ಜಾರ್ಖಂಡ್, ಪಂಜಾಬ್, ಹಿಮಾಚಲ ಪ್ರದೇಶಗಳು ಹಳೆಯದಕ್ಕೆ ಮರಳುವುದಾಗಿ ಸಾರಿದವು.

ಮರಳುವ ನಿರ್ಧಾರದ ಆಕರ್ಷಣೆ ಎಲ್ಲಿದೆಯೆಂದು ರಿಸರ್ವ್ ಬ್ಯಾಂಕಿನ ಪತ್ರಿಕೆಯಲ್ಲಿ 2023ರಲ್ಲಿ ಪ್ರಕಟವಾದ ಅಧ್ಯಯನ ಬಿಡಿಸಿ ತೋರಿಸಿದೆ. ಮರಳಿದ ಕೂಡಲೇ ಸರ್ಕಾರ ಕಟ್ಟಬೇಕಾದ ವಂತಿಗೆ ನಿಲ್ಲುತ್ತದೆ, ಮೊದಲ ಕೆಲವು ವರ್ಷ ಬೊಕ್ಕಸಕ್ಕೆ ಲಾಭವೇ ಕಾಣುತ್ತದೆ. ಹೊಸ ಪದ್ಧತಿಯ ನೌಕರರು ನಿವೃತ್ತರಾಗತೊಡಗಿದ ಮೇಲೆ ಹೊರೆ ಏರುತ್ತಾ ಹೋಗಿ, ಒಟ್ಟಾರೆ ಎನ್‌ಪಿಎಸ್‌ನ ನಾಲ್ಕೂವರೆ ಪಟ್ಟಿನವರೆಗೆ ತಲುಪಬಹುದು. ಎಲ್ಲ ರಾಜ್ಯಗಳೂ ಮರಳಿದರೆ 2060ರ ವೇಳೆಗೆ ವರ್ಷದ ಹೆಚ್ಚುವರಿ ಹೊರೆ ದೇಶದ ಉತ್ಪನ್ನದ ಶೇ 0.9ನ್ನು ಮುಟ್ಟಬಹುದು. ಇಂದು ನಿರ್ಧರಿಸುವವರಿಗೆ ಉಳಿತಾಯ, 2040ರ ನಂತರದವರಿಗೆ ಬಾಕಿ. ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ, ಏಕೆಂದರೆ ಬಾಕಿ ತೀರಿಸಬೇಕಾದವರಲ್ಲಿ ಹೆಚ್ಚಿನವರಿಗೆ ಇನ್ನೂ ಮತದಾನದ ವಯಸ್ಸಾಗಿಲ್ಲ.

ಹಿಮಾಚಲ ಪ್ರದೇಶದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ನಡೆದದ್ದನ್ನು ಎಚ್ಚರಿಕೆಯಾಗಿ ನೋಡಬೇಕು. ತಿಂಗಳ ಮೊದಲ ದಿನ ಸಿಗಬೇಕಾದ ಸಂಬಳ 5ರಂದು, ಪಿಂಚಣಿ 10ರಂದು ಪಾವತಿಯಾಯಿತು. ಕೇಂದ್ರದ ಅನುದಾನ ಇಳಿದದ್ದೂ ಸೇರಿದಂತೆ ಅದಕ್ಕೆ ಹಲವು ಕಾರಣಗಳಿದ್ದವು, ಪಿಂಚಣಿಯೊಂದನ್ನೇ ದೂರುವುದು ನ್ಯಾಯವಲ್ಲ. ಆದರೆ ನೌಕರರಿಗೆ ತಿಳಿಯಬೇಕಾದ ಪಾಠ ಅಲ್ಲಿದೆ. ಬೊಕ್ಕಸ ಬರಿದಾದಾಗ ಆದೇಶದಲ್ಲಿರುವ ಹಕ್ಕೂ ಐದು ದಿನ, ಹತ್ತು ದಿನ ಕಾಯಬೇಕಾಗುತ್ತದೆ. ನಿಧಿಯ ಬೆಂಬಲವಿಲ್ಲದ ಆಶ್ವಾಸನೆ ಹೆಚ್ಚು ಉದಾರವಾಗಿ ಕಾಣುತ್ತದೆ, ಕಡಿಮೆ ಭದ್ರವಾಗಿರುತ್ತದೆ.

ಕೇಂದ್ರ ಸರ್ಕಾರ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆಯನ್ನು ತಂದಿದೆ. ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧದಷ್ಟು ನಿಶ್ಚಿತ ಪಿಂಚಣಿ, ಕನಿಷ್ಠ ಹತ್ತು ವರ್ಷ ಸೇವೆಯವರಿಗೆ 10,000 ರೂಪಾಯಿ, ನೌಕರರ ವಂತಿಗೆ ಶೇ 10, ಸರ್ಕಾರದ್ದು ಶೇ 18.5. ನಿಧಿಯೂ ಇದೆ, ಭರವಸೆಯೂ ಇದೆ. ಎರಡು ದಶಕಕ್ಕೂ ಹೆಚ್ಚು ಕಾಲ ಸುತ್ತಿ ಬಳಸಿ ದೇಶ ಬಂದು ನಿಂತದ್ದು ಭಟ್ಟಾಚಾರ್ಯ ತಂಡ ತೋರಿಸಿದ ದಾರಿಯ ಬಳಿಗೇ.

6. ಖಾಲಿ ಕುರ್ಚಿಗಳ ಉಳಿತಾಯ

ಬಂಧುಗಳೇ, ಈ ಚರ್ಚೆಯಲ್ಲಿ ಅತ್ಯಂತ ಕಡಿಮೆ ಕೇಳಿಬರುವ ಮಾತನ್ನು ಈಗ ಹೇಳಬೇಕಾಗಿದೆ. ಹೊರೆ ತಾಳಲಾರದ ಸರ್ಕಾರಗಳು ವೇತನವನ್ನೂ ಪಿಂಚಣಿಯನ್ನೂ ಕಡಿತ ಮಾಡುವುದಿಲ್ಲ, ಮಾಡಲಾಗುವುದೂ ಇಲ್ಲ. ಅವು ಸದ್ದಿಲ್ಲದೆ ಬೇರೊಂದು ದಾರಿ ಹಿಡಿಯುತ್ತವೆ. ಹುದ್ದೆಗಳನ್ನು ತುಂಬುವುದಿಲ್ಲ. ಕರ್ನಾಟಕದಲ್ಲಿ ಮಂಜೂರಾದ ಸುಮಾರು ಏಳೂಮುಕ್ಕಾಲು ಲಕ್ಷ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಇವೆ. ಮೂರು ಕುರ್ಚಿಗಳಲ್ಲಿ ಒಂದು ಖಾಲಿ. ಆ ಕುರ್ಚಿಯ ಕೆಲಸ ಪಕ್ಕದವರಿಗೆ 'ಪ್ರಭಾರ'ವಾಗಿ ಬೀಳುತ್ತದೆ, ಇಲ್ಲವೇ ಹೊರಗುತ್ತಿಗೆಗೆ ಹೋಗುತ್ತದೆ, ಇಲ್ಲವೇ ಅತಿಥಿ ಶಿಕ್ಷಕರ, ಅತಿಥಿ ಉಪನ್ಯಾಸಕರ ಹೆಗಲೇರುತ್ತದೆ.

ಫಲವೇನೆಂದು ನೋಡಿ. ಕಾಯಂ ನೌಕರರ ಕನಿಷ್ಠ ಮೂಲವೇತನ 27,000 ರೂಪಾಯಿ. ಸರ್ಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ 2025-26ರ ಬಜೆಟ್ಟಿನಲ್ಲಿ 2,000 ಏರಿದ ಮೇಲೂ 12,000, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಅದೇ ಹಲಗೆ, ಅದೇ ಮಕ್ಕಳು, ಅದೇ ಪಾಠ. ಒಬ್ಬರಿಗೆ ಜೀವನಪೂರ್ತಿ ಭದ್ರತೆ, ಇನ್ನೊಬ್ಬರಿಗೆ ಮುಂದಿನ ಜೂನ್‌ನಲ್ಲಿ ಕರೆಯುತ್ತಾರೋ ಇಲ್ಲವೋ ಎಂಬ ಅಳುಕು. ಹಿಂಬಾಗಿಲಿನ ನೇಮಕಾತಿಯನ್ನು ಕಾಯಂ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ ತೀರ್ಪಿತ್ತದ್ದು 2006ರ ಏಪ್ರಿಲ್ 10ರಂದು, ಹೊಸ ಪಿಂಚಣಿ ಜಾರಿಯಾದ ಹತ್ತನೆಯ ದಿನ. ನೇಮಕಾತಿಯಲ್ಲಿ ಸಮಾನ ಅವಕಾಶ ಕಾಯುವುದು ಆ ತೀರ್ಪಿನ ಉದ್ದೇಶವಾಗಿತ್ತು. ಕ್ರಮಬದ್ಧ ನೇಮಕಾತಿಯನ್ನೇ ಮಾಡದೆ ತಾತ್ಕಾಲಿಕದವರನ್ನು ವರ್ಷಗಟ್ಟಲೆ ದುಡಿಸಿಕೊಂಡು ಸರ್ಕಾರಗಳು ಅದರ ಆಶಯವನ್ನು ಬರಿದು ಮಾಡಿವೆ. ಹೊರಗುತ್ತಿಗೆಗೆ ಹೋದ ಹುದ್ದೆಗಳಲ್ಲಿ ಮೀಸಲಾತಿಯ ಕಾವಲೂ ಸಡಿಲಗೊಂಡಿತು. ಮಿಲ್ಲರ್ ಸಮಿತಿಯ ಕಾಲದಿಂದ ಕಟ್ಟಿದ ಏಣಿಯ ಕೆಳಗಿನ ಮೆಟ್ಟಿಲುಗಳು ಹೀಗೆ ಮುರಿದಿವೆ.

ಕಾಯಂ ನೌಕರರ ಸಂಘಗಳೂ ಯೋಚಿಸಬೇಕಾದ ಮಾತಿದು. ಪ್ರತಿ ಪರಿಷ್ಕರಣೆಯೂ ಒಳಗಿರುವವರ ಬೆಲೆಯನ್ನು ಏರಿಸಿದಾಗ, ಬಾಗಿಲ ಹೊರಗೆ ನಿಂತ ಯುವಕ ಯುವತಿಯರ ಪ್ರವೇಶ ಇನ್ನಷ್ಟು ದುಬಾರಿಯಾಗುತ್ತದೆ. ನಿಜವಾದ ಸಂಘರ್ಷ ತೆರಿಗೆದಾರ ಮತ್ತು ನೌಕರನ ನಡುವೆ ಇಲ್ಲ. ಸೇವೆಯಲ್ಲಿರುವ ತಲೆಮಾರು ಮತ್ತು ಸೇವೆಗೆ ಕಾಯುತ್ತಿರುವ ತಲೆಮಾರಿನ ನಡುವೆ ಇದೆ.

ಇವರಿಬ್ಬರ ಆಚೆಗೆ ಇನ್ನೊಂದು ದೊಡ್ಡ ಸಮೂಹವಿದೆ. ಜೀವಮಾನವಿಡೀ ಹೊಲದಲ್ಲಿ, ಇಟ್ಟಿಗೆ ಗೂಡಿನಲ್ಲಿ, ಬೀಡಿ ಕಟ್ಟಿ ದುಡಿದ ಮುದುಕಿಗೆ ಸಂಧ್ಯಾ ಸುರಕ್ಷಾ ಯೋಜನೆಯಡಿ ಸಿಗುವುದು ತಿಂಗಳಿಗೆ 1,200 ರೂಪಾಯಿ. ಎಂಬತ್ತರ ಒಳಗಿನ ಬಡ ವೃದ್ಧರಿಗೆ ಕೇಂದ್ರ ಕೊಡುವ ಪಾಲು ಇಂದಿಗೂ 200 ರೂಪಾಯಿ. ಕಾರ್ಖಾನೆಯಲ್ಲಿ ದುಡಿದು ಭವಿಷ್ಯನಿಧಿಯ ಪಿಂಚಣಿ ಪಡೆಯುವವರಿಗೆ ಕನಿಷ್ಠ ಮೊತ್ತ 2014ರಿಂದ 1,000 ರೂಪಾಯಿಯಲ್ಲೇ ನಿಂತಿದೆ. ಸಂವಿಧಾನದ 41ನೇ ವಿಧಿ ಮುಪ್ಪಿನಲ್ಲಿ ನೆರವು ನೀಡಬೇಕೆಂದು ರಾಜ್ಯಕ್ಕೆ ಹೇಳುವಾಗ ಸರ್ಕಾರಿ ನೌಕರರ ಮುಪ್ಪನ್ನು ಮಾತ್ರ ಹೆಸರಿಸಿಲ್ಲ. ಅಲ್ಲಿಯೂ 'ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ' ಎಂಬ ಷರತ್ತಿದೆ. ಆ ಮಿತಿಯನ್ನು ಒಬ್ಬರಿಗೆ ಸಡಿಲಿಸಿ ಇನ್ನೊಬ್ಬರಿಗೆ ಬಿಗಿಗೊಳಿಸುವುದು ಹೇಗೆ ನ್ಯಾಯವಾದೀತು?

7. ಏನು ಮಾಡಬಹುದು

ಸಮಸ್ಯೆಯನ್ನು ಹೀಗೆ ಬಿಡಿಸಿದ ಮೇಲೆ ನನಗೆ ತೋರುವ ದಾರಿಗಳನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ.

ಮೊದಲನೆಯದು, ಬರೆದಿಡುವುದು. ಆಗಲೇ ಹುಟ್ಟಿರುವ ಪಿಂಚಣಿ ಹೊಣೆಯ ಇಂದಿನ ಮೌಲ್ಯ ಎಷ್ಟು ಎಂಬುದನ್ನು ವಿಮಾಗಣಕರಿಂದ ಲೆಕ್ಕ ಹಾಕಿಸಿ ಪ್ರತಿ ವರ್ಷ ಬಜೆಟ್ಟಿನೊಂದಿಗೆ ಸದನದಲ್ಲಿ ಮಂಡಿಸಬೇಕು. ಯಾವುದೇ ವೇತನ ಪರಿಷ್ಕರಣೆಯನ್ನು ಒಪ್ಪುವ ಮೊದಲು ಆ ವರ್ಷದ ಹೊರೆಯೊಂದಿಗೆ ಮುಂದಿನ ಮೂವತ್ತು ವರ್ಷಗಳ ಹೊರೆಯೂ ಜನರೆದುರು ಬರಬೇಕು. ಬರೆದಿಟ್ಟ ಮಾತ್ರಕ್ಕೆ ಭಾರ ಇಳಿಯುವುದಿಲ್ಲ, ಆದರೆ ಅಳೆಯದ ಭಾರವನ್ನು ಇಳಿಸಿದವರು ಯಾರೂ ಇಲ್ಲ.

ಎರಡನೆಯದು, ತೆಗೆದಿಡುವುದು. ಹಳೆಯದೋ ಹೊಸದೋ ಎಂಬ ಹಟ ಬಿಟ್ಟು, ನಿಶ್ಚಿತ ಕನಿಷ್ಠ ಪಿಂಚಣಿಯ ಭರವಸೆ ಮತ್ತು ಇಬ್ಬರ ವಂತಿಗೆಯ ನಿಧಿ ಎರಡನ್ನೂ ಹೊಂದಿದ ಮಿಶ್ರ ಪದ್ಧತಿಗೆ ರಾಜ್ಯ ಬರಬೇಕು. 1891ರ ಮೈಸೂರಿನ ವಿಮಾ ನಿಧಿ ನಮಗೆ ಕಲಿಸಿದ್ದು ಇದನ್ನೇ. ಕಷ್ಟದ ವರ್ಷದಲ್ಲಿ ಸರ್ಕಾರ ಆ ನಿಧಿಗೆ ಕೈಹಾಕದಂತೆ ಕಾನೂನಿನ ಬೇಲಿಯೂ ಇರಬೇಕು.

ಮೂರನೆಯದು, ತುಂಬುವುದು. ಟೈಪಿಸ್ಟರ ಕಾಲದ ಹುದ್ದೆಗಳನ್ನು ಹೊತ್ತುಕೊಂಡು, ದಾದಿಯರ ಹುದ್ದೆ ಖಾಲಿ ಬಿಡುವುದು ಮಿತವ್ಯಯವಲ್ಲ. ಟಿ.ಎಂ. ವಿಜಯಭಾಸ್ಕರ್ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗವೂ ಹುದ್ದೆಗಳ ಮರುಹೊಂದಾಣಿಕೆಯ ಬಗ್ಗೆ ವಿಸ್ತಾರವಾಗಿ ಹೇಳಿದೆ. ಬೇಡದ ಹುದ್ದೆ ರದ್ದಾಗಲಿ. ಶಾಲೆ, ಆಸ್ಪತ್ರೆ, ಠಾಣೆಗಳಲ್ಲಿ ಬೇಕಾದ ಹುದ್ದೆಗಳು ವರ್ಷಕ್ಕೊಮ್ಮೆ ತಪ್ಪದೆ ಕ್ರಮಬದ್ಧವಾಗಿ ತುಂಬಲಿ. ಒಂದೇ ಕೆಲಸ ಮಾಡುವವರ ನಡುವಿನ ಸಂಬಳದ ಕಂದಕ ಕಿರಿದಾಗಲಿ. ಮುಂದಿನ ವೇತನ ಆಯೋಗಗಳ ಪರಿಶೀಲನಾ ವ್ಯಾಪ್ತಿಯಲ್ಲಿ ಗುತ್ತಿಗೆಯವರ, ಅತಿಥಿ ಶಿಕ್ಷಕರ ವೇತನವೂ ಸೇರಲಿ.

ನಾಲ್ಕನೆಯದು, ಮೇಲಿನವರಿಂದ ಆರಂಭಿಸುವುದು. ಶಾಸಕರ ವೇತನ, ಪಿಂಚಣಿ ಏರಿಸುವ ಮಸೂದೆ 2025ರ ಮಾರ್ಚ್‌ನಲ್ಲಿ ಸದನದ ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಇತರರ ಪಿಂಚಣಿಗೆ ಮಿತಿ ಹೇಳುವವರು ತಮ್ಮ ಪಿಂಚಣಿಯನ್ನೂ ಅದೇ ಅಳತೆಗೋಲಿಗೆ, ಅದೇ ವಂತಿಗೆಗೆ ಒಪ್ಪಿಸದಿದ್ದರೆ ಅವರ ಮಾತನ್ನು ಯಾವ ನೌಕರನೂ ಕೇಳಲಾರ.

ಐದನೆಯದು, ಹಂಚಿಕೊಳ್ಳುವುದು. ರಾಜ್ಯದ ಆದಾಯ ಬೆಳೆದಂತೆ ಸಂಧ್ಯಾ ಸುರಕ್ಷಾ ಮೊತ್ತಕ್ಕೂ ತುಟ್ಟಿಭತ್ಯೆಯಂತೆ ಬೆಲೆಯೇರಿಕೆಯ ಕೊಂಡಿ ಹಾಕಬೇಕು. ನೌಕರರಿಗೆ ಬೆಲೆ ಏರಿದಾಗ ಅಸಂಘಟಿತ ದುಡಿಮೆಗಾರರಿಗೂ ಬೆಲೆ ಏರಿರುತ್ತದೆ.

8. ಮುಕ್ತಾಯ

ಸಹೃದಯರೇ, ಯೋಗ್ಯ ವೇತನ ಮತ್ತು ಭದ್ರ ಮುಪ್ಪು ಎಂಬ ಆದರ್ಶವನ್ನು ನಾನು ಕಿಂಚಿತ್ತೂ ಬಿಟ್ಟುಕೊಟ್ಟಿಲ್ಲ ಎಂಬುದನ್ನು ತಾವು ಗಮನಿಸಿರಬಹುದು. ಆ ಆದರ್ಶ ಉಳಿಯಬೇಕಾದರೆ ಅದಕ್ಕೆ ತಕ್ಕ ನಿಧಿ ಬೇಕು. ನಿಧಿ ಕಟ್ಟಲು ಇಂದಿನವರು ಇಂದೇ ಸ್ವಲ್ಪ ಬಿಟ್ಟುಕೊಡಬೇಕು. ಸರ್ಕಾರ ತನ್ನ ಜನಪ್ರಿಯತೆಯಲ್ಲಿ, ನೌಕರರು ತಮ್ಮ ವಂತಿಗೆಯಲ್ಲಿ, ತೆರಿಗೆದಾರರು ತಮ್ಮ ತೆರಿಗೆಯಲ್ಲಿ. ಯಾರೊಬ್ಬರೂ ಬಿಟ್ಟುಕೊಡದಿದ್ದರೆ ಲೆಕ್ಕ ಹೋಗಿ ನಿಲ್ಲುವುದು ಎಲ್ಲಿ ಎಂಬುದನ್ನು ಕಂಡಿದ್ದೇವೆ: ಖಾಲಿ ಕುರ್ಚಿಯ ಮುಂದೆ ಅರ್ಜಿ ಹಿಡಿದು ನಿಂತ ಯುವತಿಯ ಮೇಲೆ, 1,200 ರೂಪಾಯಿಯ ದಾರಿ ಕಾಯುವ ಮುದುಕಿಯ ಮೇಲೆ.

ಆ ಹಳೆಯ ಶಾಸನಗಳನ್ನು ಕೆತ್ತಿಸಿದವರಿಗೆ ಒಂದು ತಿಳಿವಳಿಕೆಯಿತ್ತು. ಕೊಟ್ಟವರು ಇರುವುದಿಲ್ಲ, ಪಡೆದವರೂ ಇರುವುದಿಲ್ಲ, ಮುಂದೆ ಓದುವವರಿಗೆ ಕೊಡುಗೆ ಎಷ್ಟು, ಅದು ಯಾವ ಕೆರೆಯ ಕೆಳಗಿನ ಯಾವ ಗದ್ದೆಯಿಂದ ಬರಬೇಕು ಎಂಬುದು ತಿಳಿದಿರಬೇಕು. ನಮ್ಮ ವೇತನ ಆದೇಶಗಳನ್ನೂ ಪಿಂಚಣಿ ನಿಯಮಗಳನ್ನೂ ಮೂವತ್ತು ವರ್ಷದ ನಂತರ ಓದುವವರಿದ್ದಾರೆ. ಅವರಲ್ಲಿ ಕೆಲವರು ಇಂದು ಈ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ವಿದ್ಯಾರ್ಥಿಗಳು. ಅವರು ಓದುವಾಗ ಮಾತಿನ ಪಕ್ಕದಲ್ಲಿ ಮೂಲವೂ ಬರೆದಿರಲಿ ಎಂದು ಆಶಿಸುತ್ತೇನೆ.